ಪುಟ್ಟಿಯ ಚರ್ಮ, ಓನರಮ್ಮನ ಗೋಡೆ

ರೈಲು ನಿಲ್ದಾಣದ ಹಿಂಬದಿಯಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳನ್ನು ಇಡುವ ಒಂದು ಕೋಣೆಯಿದೆ. ಆ ಕೋಣೆಯ ಗುಮಾಸ್ತನನ್ನು ಊರೆಲ್ಲ ಛತ್ರಿ ಎಂದೇ ಕರೆಯುತ್ತಿತ್ತು. ಜನ ರೈಲಿನಲ್ಲಿ ಮರೆಯುವುದರಲ್ಲಿ ಛತ್ರಿಗಳೇ ಹೆಚ್ಚು, ಅದರಿಂದ ಬಂದ ಹೆಸರು ಅಷ್ಟೇ. ಹೊಸಬರು ಮಾತ್ರ ಇವನು ಭಾರಿ ಕಿಲಾಡಿ, ನಾಲ್ಕು ಜನಕ್ಕೆ ಟೋಪಿ ಹಾಕಿ ಬಂದವನೇ ಇರಬೇಕು ಎಂದುಕೊಂಡು ಜೇಬಿನ ಮೇಲೆ ಕೈಯಿಟ್ಟುಕೊಂಡೇ ಮಾತಾಡಿಸುತ್ತಿದ್ದರು. ಅವನೋ, ಹಣೆಯ ಮೇಲಿರುವ ತನ್ನ ಕನ್ನಡಕವನ್ನೇ ಕಳೆದ ಸಾಮಾನಿನ ಕಪಾಟಿನಲ್ಲಿ ಹುಡುಕುವ ಆಸಾಮಿ.

ಹೋದ ಚಳಿಗಾಲದಿಂದ ಅವನ ಸ್ಥಿತಿ ಇನ್ನೂ ಒಂದು ಕೈ ಮೇಲಾಗಿತ್ತು. ಮಗಳು ಪುಟ್ಟಿಗೆ ಇಸುಬು. ದೊಡ್ಡ ಮಾತಿನಲ್ಲಿ ಹೇಳುವುದಾದರೆ ಎಕ್ಸಿಮಾ. ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ, ಕತ್ತಿನ ಸುತ್ತ ಚರ್ಮ ಒಣಗಿ, ಕೆಂಪಾಗಿ, ಒರಟಾಗಿ, ಇಪ್ಪತ್ತನಾಲ್ಕು ಗಂಟೆಯೂ ಕೆರೆತ. ಇನ್ನೂ ಮೂರು ತುಂಬದ ಕೂಸು, ನಿದ್ದೆಯಲ್ಲೂ ಕೆರೆದುಕೊಂಡು ಕೆರೆದುಕೊಂಡು ಎದ್ದು ಅಳುತ್ತಿತ್ತು. ಗಂಡ ಹೆಂಡತಿ ಸರದಿ ಹಾಕಿಕೊಂಡು ಎದ್ದಿರುತ್ತಿದ್ದರು. ಸರದಿ ಯಾರದೇ ಇರಲಿ, ಮಲಗುತ್ತಿದ್ದವರು ಯಾರೂ ಇಲ್ಲ.

ಹೀಗೆ ತಿಂಗಳುಗಟ್ಟಲೆ ನಿದ್ದೆಗೆಟ್ಟವನಿಗೆ ಹಗಲು ಹೇಗೆ ಕಾಣುತ್ತದೆಂದು ಹಾಗೆ ನಿದ್ದೆ ಕೆಟ್ಟವರಿಗೇ ಗೊತ್ತು. ಛತ್ರಿಗೆ ಎಲ್ಲವೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕಾಣುತ್ತಿತ್ತು. ರೈಲುಗಳು ಹಳಿ ಮುಟ್ಟದೆ ತೇಲಿಕೊಂಡು ಬಂದು ನಿಲ್ಲುತ್ತಿದ್ದವು. ಜನರ ಮಾತು ನೀರಿನ ಅಡಿಯಿಂದ ಗುಳುಗುಳು ಎಂದು ಮೇಲೇಳುತ್ತಿತ್ತು. ಒಂದು ದಿನ ಯಾರೋ ಹೆಂಗಸು ಬಂದು ತನ್ನ ಕೆಂಪು ಪೆಟ್ಟಿಗೆ ಕಳೆದಿದೆ ಎಂದರೆ, ಇವನು ಬಹಳ ಮರುಕದಿಂದ, ಎಲ್ಲೆಲ್ಲಿ ಕೆಂಪಾಗಿದೆ, ಬೆವರಿದರೆ ಜಾಸ್ತಿಯಾಗುತ್ತದೆಯೇ ಎಂದು ವಿಚಾರಿಸಿದ.

ಅವನ ಹೆಂಡತಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ. ನೇಯ್ದು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ಲೋಪ ಹುಡುಕುವುದು. ಒಂದೆಳೆ ತಪ್ಪಿದ್ದರೂ ಅವಳ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಮದುವೆಯಾದಾಗ ಆಕೆ ಇನ್ನೂ ಆ ಕೆಲಸಕ್ಕೆ ಸೇರಿರಲಿಲ್ಲ ಎನ್ನುವುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಹೊಸ ಚರ್ಮದ ಡಾಕ್ಟರಮ್ಮನನ್ನು ನೋಡುವ ದಿನವೇ ಅವಳಿಗೆ ರಜೆ ಸಿಗಲಿಲ್ಲ. ತಾನೊಬ್ಬನೇ ಮಗುವನ್ನು ಕರೆದುಕೊಂಡು ಹೋಗಿ ಬರುತ್ತೇನೆಂದು ಛತ್ರಿ ಎದೆ ಮುಂದೆ ಮಾಡಿದ. ಡಾಕ್ಟರು ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು ಬನ್ನಿ ಎಂದಳು ಹೆಂಡತಿ. ಅವನಿಗೆ ಸ್ವಲ್ಪ ಚುಚ್ಚಿತು.

"ಕೇಳ್ಕೊಂಡು ಬರೋದಕ್ಕೂ ಮೆಷೀನು ಬೇಕಾ? ಎಲ್ಲಾ ತಲೇಲಿ ಇಟ್ಕೊಂಡು ಬರ್ತೀನಿ," ಎಂದ.

ಅವಳು ಆ ತಲೆಯನ್ನು ಸ್ವಲ್ಪ ಹೊತ್ತು ಬೆಳಕಿನಲ್ಲಿ ನೋಡಿದಳು. ಆಮೇಲೆ ಕೆಲಸಕ್ಕೆ ಹೋದಳು.

ಡಾಕ್ಟರಮ್ಮನ ಕೋಣೆ ಬೆಚ್ಚಗಿತ್ತು. ಕೈಯಿಡಲು ಅಗಲವಾದ ಆಸರೆ ಇರುವ ಕುರ್ಚಿ. ಮೂಲೆಯಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ಹಳದಿ ಮೀನು. ಡಾಕ್ಟರಮ್ಮ ಒಳ್ಳೆಯವರು, ಮಗುವಿನ ಕೈ ಕಾಲು ನಿಧಾನವಾಗಿ ತಿರುಗಿಸಿ ನೋಡಿ, ಗಾಬರಿ ಬೇಡ, ಇದು ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದಲ್ಲ ಎಂದರು. ಮನೆಯಲ್ಲಿ ಯಾರಿಗಾದರೂ ಸೀನು, ಉಬ್ಬಸ, ಅಲರ್ಜಿ ಇದೆಯೇ ಎಂದು ಕೇಳಿದರು. ತನಗೆ ಧೂಳು ಕಂಡರೆ ಸೀನು ಎಂದ ಛತ್ರಿ. ಹಾಗಾದರೆ ನಿಮ್ಮ ಕಡೆಯಿಂದಲೇ ಬಂದಿರಬಹುದು ಎಂದು ನಕ್ಕರು. ಆಮೇಲೆ ಅರ್ಥವಾಗಲೆಂದು ಒಂದು ಹೋಲಿಕೆ ಕೊಟ್ಟರು. ಚರ್ಮ ಅಂದರೆ ಇಟ್ಟಿಗೆ ಗೋಡೆ ಅಂದುಕೊಳ್ಳಿ. ಇವಳ ಗೋಡೆಯಲ್ಲಿ ಇಟ್ಟಿಗೆ ಸರಿಯಿದೆ, ನಡುವಿನ ಸಿಮೆಂಟು ಸಾಲದು. ಅಲ್ಲಲ್ಲಿ ಬಿರುಕು ಬಿಟ್ಟು ಒಳಗಿನ ನೀರೆಲ್ಲ ಸೋರಿಹೋಗುತ್ತಿದೆ. ಹಾಗಾಗಿ ದಿನವೂ ನಾವೇ ಮೆತ್ತಬೇಕು.

ಇಲ್ಲಿಯವರೆಗೆ ಛತ್ರಿ ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದ. ಆಗ ಹಳದಿ ಮೀನು ತಿರುಗಿ ಅವನನ್ನು ನೋಡಿ ಬಾಯಿ ತೆರೆದು ಮುಚ್ಚಿತು. ಪುಟ್ಟಿ ಅವನ ಹೆಗಲ ಮೇಲೆ ತಲೆಯಿಟ್ಟಳು. ಗೋಡೆ, ಸಿಮೆಂಟು, ನೀರು, ಮೀನು ಎಲ್ಲವೂ ಒಂದೇ ಮೆತ್ತನೆಯ ಅಲೆಯಾಗಿ ಬಂದು ಅವನನ್ನು ಎತ್ತಿಕೊಂಡಿತು. ಕಣ್ಣು ತೆರೆದಾಗ ಡಾಕ್ಟರಮ್ಮ ಚೀಟಿ ಮುಂದೆ ಚಾಚಿಕೊಂಡು, ಎಲ್ಲ ಗೊತ್ತಾಯಿತಲ್ಲ ಎಂದು ಕೇಳುತ್ತಿದ್ದರು. ಚೆನ್ನಾಗಿ ಗೊತ್ತಾಯಿತು ಎಂದು ಅವನು ಗಂಭೀರವಾಗಿ ತಲೆಯಾಡಿಸಿದ.

ಔಷಧಿ ಅಂಗಡಿಯಲ್ಲಿ ಒಂದು ದೊಡ್ಡ ಡಬ್ಬಿ, ಒಂದು ಸಣ್ಣ ಟ್ಯೂಬು ಕೊಟ್ಟರು. ಕಳೆದ ಸಾಮಾನಿನ ಗುಮಾಸ್ತ ಚೀಟಿಯನ್ನು ಅಂಗಡಿಯ ಮೇಜಿನ ಮೇಲೇ ಬಿಟ್ಟು ಬಂದ. ಮನೆಗೆ ಬಂದು, ಪುಟ್ಟಿಯನ್ನು ಮಲಗಿಸಿ, ಡಬ್ಬಿಯನ್ನೂ ಟ್ಯೂಬನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿದಾಗ ಅವನಿಗೆ ಬೆವರು ಬಂತು. ಒಂದನ್ನು ದಪ್ಪಗೆ ಮೆತ್ತಬೇಕು, ಇನ್ನೊಂದನ್ನು ತೆಳ್ಳಗೆ ಸವರಬೇಕು ಎಂದದ್ದು ಕನಸಿನಲ್ಲಿ ಕೇಳಿದಂತಿತ್ತು. ಯಾವುದು ಯಾವುದು? ತಪ್ಪಾಗಿ ಹಚ್ಚಿದರೆ ಮಗುವಿನ ಗತಿಯೇನು? ಸಂಜೆ ಅವಳು ಬಂದು ಕೇಳಿದರೆ ತನ್ನ ಗತಿಯೇನು?

ಮಗು ಏಳಬಾರದೆಂದು ಮೆಟ್ಟಿಲ ಹತ್ತಿರ ಬಂದು ಕ್ಲಿನಿಕ್ಕಿಗೆ ಫೋನು ಮಾಡಿದ. ಡಾಕ್ಟರಮ್ಮ ಊಟಕ್ಕೆ ಹೋಗಿದ್ದರು. ಫೋನು ಎತ್ತಿದ ಹುಡುಗಿಗೇ ಅವನು ತನ್ನ ಕಷ್ಟವನ್ನೆಲ್ಲ ತೋಡಿಕೊಂಡ. ಗೋಡೆ ಬಿರುಕು ಬಿಟ್ಟಿದೆ, ಸಿಮೆಂಟು ಸಾಲದಂತೆ, ನೀರೆಲ್ಲ ಹೊರಗೆ ಸೋರಿಹೋಗುತ್ತಿದೆ, ಈಗಲೇ ಮೆತ್ತದಿದ್ದರೆ ಕೈಮೀರಿ ಹೋಗುತ್ತದೆ ಎಂದ. ಸಂಜೆ ಮಾಡಿ ಎಂದು ಆಕೆ ಇಟ್ಟುಬಿಟ್ಟಳು. ಆದರೆ ಆ ಮೆಟ್ಟಿಲ ಗೂಡಿಗೆ ಒಂದು ಗುಣವಿತ್ತು. ಮೇಲೆ ಪಿಸುಗುಟ್ಟಿದರೂ ಕೆಳಗೆ ಭಾಷಣದಂತೆ ಕೇಳುತ್ತಿತ್ತು.

ಕೆಳಗಿನ ಮನೆಯಲ್ಲಿ ನಿವೃತ್ತ ಓವರ್‌ಸಿಯರ್ ಇದ್ದರು. ಕೆಲಸ ಬಿಟ್ಟ ಮೇಲೆ ಅವರಿಗೆ ಬಿರುಕು ಬಿಟ್ಟ ಗೋಡೆಯೊಂದೂ ಸಿಕ್ಕಿರಲಿಲ್ಲ. ಕೈಗೋಲು ಹಿಡಿದು ಮೆಟ್ಟಿಲೇರಿ ಬಂದಾಗ ಅವರ ಮುಖದಲ್ಲಿ ಹತ್ತು ವರ್ಷ ಇಳಿದಿತ್ತು.

"ಕೇಳಿಸ್ತಪ್ಪ. ಯಾವಾಗಿಂದ ಹೀಗೆ?"

ಇಷ್ಟು ದಿನ ಗುಡ್‌ಮಾರ್ನಿಂಗನ್ನೂ ಹೇಳದಿದ್ದ ಹಿರಿಯರು ಮಗುವಿನ ಬಗ್ಗೆ ಕೇಳಿದರಲ್ಲ ಎಂದು ಛತ್ರಿ ಎರಡು ಮೆಟ್ಟಿಲಿಳಿದು ಅವರ ಹತ್ತಿರ ಬಂದ. "ಹೋದ ಚಳಿಗಾಲದಿಂದ ಜಾಸ್ತಿ ಆಗಿದೆ ಸಾರ್."

"ಎಲ್ಲೆಲ್ಲಿ?"

"ಮೂಲೆ, ಮಡಿಕೆ ಇರೋ ಕಡೆಯೆಲ್ಲ. ಕೆಲವು ಕಡೆ ಹಕ್ಕಳೆ ಎದ್ದು ಪುಡಿ ಉದುರುತ್ತೆ. ಕೆಲವು ಕಡೆ ನೀರು ಜಿನುಗುತ್ತೆ."

ಓವರ್‌ಸಿಯರ್ ಕಣ್ಣು ಮುಚ್ಚಿ, ಸಂಗೀತ ಕೇಳುವವರ ಹಾಗೆ ತಲೆದೂಗಿದರು. "ಕಾರಣ ಏನಂತೆ?"

"ನಮ್ಮ ಕಡೆಯಿಂದಲೇ ಬಂದದ್ದಂತೆ ಸಾರ್. ಎಲ್ಲಾ ನನ್ನಿಂದಲೇ ಅನ್ನಿ."

ಓವರ್‌ಸಿಯರ್ ಅವನ ಭುಜ ಹಿಡಿದುಕೊಂಡರು. ಅಷ್ಟು ವರ್ಷದ ನೌಕರಿಯಲ್ಲಿ ಗೋಡೆ ಸೋರಿದ್ದಕ್ಕೆ ತಾನೇ ಕಾರಣ ಎಂದು ಬಾಯಿಬಿಟ್ಟು ಒಪ್ಪಿಕೊಂಡ ಒಬ್ಬ ಮನುಷ್ಯನನ್ನೂ ಅವರು ಕಂಡಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಹಾಗೆಯೇ, ಒದ್ದೆಗಣ್ಣಿನಿಂದ, ಮೆಟ್ಟಿಲ ಮೇಲೆ ನಿಂತಿದ್ದರು. ಆಮೇಲೆ ಓವರ್‌ಸಿಯರ್ ಕೆಳಗಿಳಿದು ನೆಟ್ಟಗೆ ಮನೆಯ ಓನರಮ್ಮನಿಗೆ ಫೋನು ಮಾಡಿದರು.

ಓನರಮ್ಮ ಎರಡು ಬೀದಿ ಆಚೆ ಇದ್ದರು. ಬಾಡಿಗೆ ತಡವಾದರೂ ಬಾರದವರು, ಈ ಸುದ್ದಿಗೆ ಏದುಸಿರು ಬಿಡುತ್ತ ಬಂದರು. ಛತ್ರಿ ಬಾಗಿಲು ತೆರೆದಾಗ ಪುಟ್ಟಿ ಅವನ ಹೆಗಲ ಮೇಲೆ ಮುಲುಗುಟ್ಟುತ್ತಿದ್ದಳು.

ಇಂಥದ್ದನ್ನು ಮನೆಯಲ್ಲಿಟ್ಟುಕೊಂಡು ತನಗೆ ಒಂದು ಮಾತೂ ಹೇಳಲಿಲ್ಲವಲ್ಲ, ಮುಂದೆ ಈ ಮನೆಗೆ ಯಾರು ಬರುತ್ತಾರೆ ಎಂದು ಓನರಮ್ಮ ಬಾಗಿಲಲ್ಲೇ ಶುರು ಮಾಡಿದರು. ಛತ್ರಿಗೆ ಮೈಯೆಲ್ಲ ಉರಿಯಿತು. ಪಾರ್ಕಿನಲ್ಲಿ ಪುಟ್ಟಿಯ ಕೈ ಕಂಡು ತಮ್ಮ ಮಕ್ಕಳನ್ನು ಎಳೆದುಕೊಂಡು ಹೋಗುವವರನ್ನು ಅವನು ನೋಡಿದ್ದ. ಹುಟ್ಟಿ ಯಾರಿಗೂ ಎದುರು ಮಾತಾಡದವನು ಆಗ ಆಡಿದ.

"ಇದು ಹರಡಲ್ಲ ಅಮ್ಮಾ. ತಿಳಿದವರು ನೋಡಿ ಹೇಳಿದ್ದಾರೆ. ನೀವು ಹೀಗೆಲ್ಲ ಅನ್ನಬಾರದು."

"ಹರಡಲ್ವಾ? ಕೆಳಗೆ ಓವರ್‌ಸಿಯರಿಗೆ ಬಂದಾಗಿದೆ. ಬೆನ್ನ ಹಿಂದೇನೇ ಇತ್ತಂತೆ, ಪಾಪ ಅವರಿಗೆ ಇಷ್ಟು ದಿನ ಗೊತ್ತೇ ಆಗಿಲ್ಲ. ಮೇಲೆ ಮೇಲೆ ಸವರಿದ್ರೆ ಆಗಲ್ಲ ಕಣಪ್ಪ. ಜನ ಕರ್ಕೊಂಡು ಬರ್ತೀನಿ. ಕಿತ್ತು, ಹೊಸದಾಗಿ ಹಾಕಬೇಕು."

ಅವರು ಹೋದ ಮೇಲೂ ಛತ್ರಿ ಬಾಗಿಲಲ್ಲೇ ನಿಂತಿದ್ದ. ಕಿತ್ತು ಹೊಸದಾಗಿ ಹಾಕುವುದು ಎಂದರೆ ಏನೆಂದು ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ. ಆದರೆ ಒಂದು ಮಾತು ಮನಸ್ಸನ್ನು ಕೊರೆಯಿತು. ಆ ಒಳ್ಳೆಯ ಮುದುಕರ ಬೆನ್ನಿಗೆ ತನ್ನ ಮನೆಯಿಂದಲೇ ಹಬ್ಬಿದೆ. ಬಂದು ಭುಜ ಹಿಡಿದು ಮಾತಾಡಿಸಿದವರು ಅದನ್ನು ಮಾತ್ರ ಬಾಯಿಬಿಟ್ಟಿರಲಿಲ್ಲ. ಎಂಥ ಸಂಕೋಚದ ಜೀವ.

ಅವನು ಒಂದು ಹೆಗಲಿಗೆ ಪುಟ್ಟಿ, ಇನ್ನೊಂದು ಕೈಗೆ ದೊಡ್ಡ ಡಬ್ಬಿ ಹಿಡಿದು ಕೆಳಗಿಳಿದ. ಓವರ್‌ಸಿಯರ್ ಕುರ್ಚಿ ಸರಿಸಿ, ಅದರ ಹಿಂದೆ ಗೋಡೆಯ ಮೇಲೆ ಕಂಡ ಒಂದು ಮಂಕು ಕಲೆಯನ್ನು ಕೈಗೋಲಿನಿಂದ ಕುಟ್ಟುತ್ತಿದ್ದರು. ಶರ್ಟು ತೆಗೆಯಿರಿ ಸಾರ್, ನಾಚಿಕೆ ಬೇಡ, ನಮ್ಮಿಂದ ಬಂದದ್ದನ್ನು ನಾವೇ ಮೆತ್ತಬೇಕು ಎಂದ ಛತ್ರಿ. ಇವತ್ತಿನ ಕಾಲದಲ್ಲಿ ತಾನೇ ಕೈಯಾರೆ ಮೆತ್ತಿಕೊಡುತ್ತೇನೆಂದು ಬರುವ ಬಾಡಿಗೆದಾರನೂ ಇದ್ದಾನಲ್ಲ, ಜೊತೆಗೆ ತನಗೂ ಕೆಲಸದ ಉಡುಪಿನಲ್ಲಿ ನಿಲ್ಲಲು ಹೇಳುತ್ತಾನಲ್ಲ ಎಂದು ಓವರ್‌ಸಿಯರಿಗೆ ಹಿಗ್ಗಾಯಿತು. ಶರ್ಟು ಕಳಚಿ ಬನಿಯನ್ನಿನಲ್ಲಿ ನಿಂತು, ಡಬ್ಬಿಗೆ ಬೆರಳು ಹಾಕಿ ತಿಕ್ಕಿ ನೋಡಿದರು.

"ಇದರಲ್ಲಿ ಸಿಮೆಂಟು ಎಷ್ಟಿದೆ?"

"ಇದೇ ಸಿಮೆಂಟು ಅಂದ್ರು ಸಾರ್."

"ಹೊಸ ಸರಕು," ಎಂದರು ಓವರ್‌ಸಿಯರ್, ಮೆಚ್ಚಿಕೊಂಡು. ಒಂದು ಹಿಡಿ ತೆಗೆದು ಗೋಡೆಯ ಕಲೆಗೆ ನುಣ್ಣಗೆ ಬಳಿದು, ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು.

ಮೈಗೆ ಹಚ್ಚುವುದನ್ನು ಗೋಡೆಗೆ ಹಚ್ಚುತ್ತಿರುವ ಆ ಮುದುಕರನ್ನು ನೋಡಿ ಛತ್ರಿಗೆ ಮರುಕ ಬಂತು. ವಯಸ್ಸಾಯಿತು, ಪಾಪ, ಒಂಟಿ ಬೇರೆ. ಹೆಚ್ಚು ಮಾತಾಡಿಸಿ ನೋಯಿಸುವುದು ಬೇಡವೆಂದು ಡಬ್ಬಿ ಎತ್ತಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಮೇಲಕ್ಕೆ ಬಂದ. ಪುಟ್ಟಿಯನ್ನು ಮೆಟ್ಟಿಲ ಕಡೆಯ ಗೋಡೆಗೆ ಒತ್ತಿಕೊಂಡಿದ್ದ ತೊಟ್ಟಿಲಮಂಚದಲ್ಲಿ ಮಲಗಿಸಿ, ತಾನು ನೆಲದ ಮೇಲೆ ಕುಳಿತ. ಕಿಟಕಿಯಿಂದ ಬಿಸಿಲು ಒಂದು ಪಟ್ಟಿಯಾಗಿ ಬಿದ್ದಿತ್ತು. ಅದರಲ್ಲಿ ಧೂಳಿನ ಕಣಗಳು ಮೇಲೆ ಕೆಳಗೆ ಅವಸರವಿಲ್ಲದೆ ಓಡಾಡುತ್ತಿದ್ದವು. ಒಂದು ಹಳದಿ ಮೀನು ಬಿಸಿಲಿನೊಳಗೆ ಈಜಿಕೊಂಡು ಬಂದು, ದಪ್ಪಗೆ, ತೆಳ್ಳಗೆ, ದಪ್ಪಗೆ, ತೆಳ್ಳಗೆ ಎಂದು ಹೇಳುತ್ತ ಮಂಚದ ಅಡಿಗೆ ಹೋಯಿತು.

ಹೊರಗೆ ಟಕ್ ಟಕ್ ಎಂಬ ಸದ್ದಿಗೆ ಅವನಿಗೆ ಎಚ್ಚರವಾಯಿತು.

ನೀರಿನ ಇಲಾಖೆಯವರು ಕರೆದ ದಿನವೇ ಬಂದದ್ದು ಆ ಬೀದಿಯ ಚರಿತ್ರೆಯಲ್ಲಿ ಅದೇ ಮೊದಲು. ಬಂದ ಸಾಹೇಬರು ಒಂದು ಕಾಲಕ್ಕೆ ಓವರ್‌ಸಿಯರ್ ಕೈಕೆಳಗೆ ಕೆಲಸ ಕಲಿತವರು. ಆ ಭಯ ಇನ್ನೂ ಬಿಟ್ಟಿರಲಿಲ್ಲ. ಸೆಕೆಯಲ್ಲೂ ಮುಂಗೈವರೆಗೆ ಗುಂಡಿ ಹಾಕಿದ ತುಂಬುತೋಳಿನ ಶರ್ಟು, ಕೈಯಲ್ಲಿ ಉದ್ದನೆಯ ಹಿತ್ತಾಳೆ ಕೊಳವೆ. ಅದರ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಕಿವಿಗೆ. ಗೋಡೆಯೊಳಗೆ ನೀರು ಹರಿಯುವ ಸದ್ದು ಅದರಲ್ಲಿ ಕೇಳುತ್ತದೆ. ಪಕ್ಕದಲ್ಲಿ ಉಳಿ ಸುತ್ತಿಗೆ ಹಿಡಿದ ಮೇಸ್ತ್ರಿ, ಅವನ ಪಕ್ಕದಲ್ಲಿ ಓನರಮ್ಮ, ಎಲ್ಲರಿಗಿಂತ ಮುಂದೆ ಬನಿಯನ್ನಿನ ಓವರ್‌ಸಿಯರ್.

ಛತ್ರಿ ಹೊರಗೆ ಬಂದಾಗ ಓವರ್‌ಸಿಯರ್ ಮೇಸ್ತ್ರಿಗೆ ಜಾಗ ತೋರಿಸುತ್ತಿದ್ದರು. ಅದು ಸರಿಯಾಗಿ, ಗೋಡೆಯ ಆಚೆ ಮಲಗಿದ್ದ ಪುಟ್ಟಿಯ ತಲೆಯ ನೇರಕ್ಕಿತ್ತು. ನೀರಿನ ಸಾಹೇಬರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಕೊಳವೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಏನು, ಜೋರಾಗಿದೆಯಾ ಎಂದು ಓವರ್‌ಸಿಯರ್ ಆಸೆಯಿಂದ ಕೇಳಿದರು. ಸಾಹೇಬರ ಮುಖ ಮೆಲ್ಲನೆ ಬದಲಾಗುತ್ತಿತ್ತು, ಬಹಳ ದಿನದ ಹಿಂದೆ ಇದ್ದ ಊರಿನ ದಾರಿ ನೆನಪಾದವರಂತೆ.

"ಇದು ನೀರಲ್ಲ ಸಾರ್," ಎಂದರು ಕೊನೆಗೆ. "ಕೆರ್ಕೊಳ್ಳೋ ಸದ್ದು."

"ಇಲಿಯಾ?" ಎಂದರು ಓನರಮ್ಮ.

"ಅಲ್ಲಮ್ಮ. ಆ ಕಡೆ ಯಾರೋ ಮಗು ಮಲಗಿದೆ. ಅದಕ್ಕೆ ತುಂಬಾ ಕೆರೆತ ಇದೆ."

ಮೇಸ್ತ್ರಿ ಉಳಿ ಕೆಳಗಿಳಿಸಿದ. ಎಲ್ಲರೂ ಬಾಗಿಲ ಕಡೆ ತಿರುಗಿದರು. ಅದೇ ಹೊತ್ತಿಗೆ ಗಿರಣಿಯಿಂದ ಬಂದ ಹೆಂಡತಿ ಕೈಚೀಲದೊಂದಿಗೆ ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡಳು. ಉಳಿ, ಕೊಳವೆ, ಬನಿಯನ್ನು, ಓನರಮ್ಮ, ಕೊನೆಗೆ ಗಂಡ, ಹೀಗೆ ಒಂದೊಂದನ್ನೇ ಬೆಳಕಿನಲ್ಲಿ ನೋಡಿದಳು.

"ಡಾಕ್ಟರು ಏನಂದ್ರು ರೀ?" ಎಂದು ಕೇಳಿದಳು.

ಛತ್ರಿ ಬಾಯಿ ತೆರೆದ. ಗೋಡೆ ಎಂದ. ಇಟ್ಟಿಗೆ ಸರಿಯಿದೆಯಂತೆ, ಸಿಮೆಂಟು ಸಾಲದಂತೆ ಎಂದ. ಅಷ್ಟರಲ್ಲಿ ಓವರ್‌ಸಿಯರಿನ ಮುಖ ನೋಡಿದ, ಓನರಮ್ಮನ ಮುಖ ನೋಡಿದ, ಹತ್ತಿಯಲ್ಲಿ ಸುತ್ತಿಟ್ಟಿದ್ದ ಆ ಇಡೀ ದಿನ ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತು. "ಆಮೇಲೆ ನಿದ್ದೆ ಬಂದುಬಿಡ್ತು," ಎಂದ. "ಯಾವುದು ದಪ್ಪಗೆ, ಯಾವುದು ತೆಳ್ಳಗೆ ಗೊತ್ತಿಲ್ಲ ಕಣೇ. ತಪ್ಪಾಗಿ ಹಚ್ಚಿ ಅವಳಿಗೆ ಏನಾದ್ರೂ ಆದ್ರೆ ಅಂತ ಏನೂ ಹಚ್ಚಿಲ್ಲ."

ಹೆಂಡತಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವಳು ಅಳುತ್ತಾಳೆಂದು ಎಲ್ಲರೂ ಅಂದುಕೊಂಡರು. ಭುಜ ಕುಲುಕುತ್ತಿದ್ದುದೇನೋ ನಿಜ, ಆದರೆ ನಗುತ್ತಿದ್ದಳು. ನಗುತ್ತಲೇ ಫೋನು ತೆಗೆದು ಕ್ಲಿನಿಕ್ಕಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಜೋರು ಮಾಡಿ ಮೊಣಕಾಲ ಮೇಲಿಟ್ಟಳು.

ಡಾಕ್ಟರಮ್ಮ ಬೈಯಲಿಲ್ಲ. "ನಿಮ್ಮ ಯಜಮಾನ್ರು ಮಲಗಿಬಿಟ್ಟಿದ್ರಮ್ಮ. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಉಳಿದ ಅರ್ಧವನ್ನ ಮೀನಿಗೇ ಹೇಳಿದೆ," ಎಂದರು. ಆಮೇಲೆ ಎಲ್ಲವನ್ನೂ ಮೊದಲಿಂದ ಹೇಳಿದರು. ಬಿಸಿನೀರು ಬೇಡ, ಉಗುರು ಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸುವುದು. ವಾಸನೆಯ ಸೋಪು ಬೇಡ. ಟವೆಲಿನಿಂದ ಉಜ್ಜಬಾರದು, ಒತ್ತಿ ಒರೆಸಬೇಕು. ಕೆಂಪಾಗಿರುವ ಕಡೆಗೆ ಮಾತ್ರ ಟ್ಯೂಬಿನ ಔಷಧಿ, ತೆಳ್ಳಗೆ, ಹೇಳಿದಷ್ಟು ದಿನ ಮಾತ್ರ. ಮೈ ಇನ್ನೂ ಹಸಿಯಿರುವಾಗಲೇ ಡಬ್ಬಿಯದ್ದು ಮೈತುಂಬಾ ದಪ್ಪಗೆ, ದಿನಕ್ಕೆ ಎರಡು ಮೂರು ಸಲ, ಚರ್ಮ ಚೆನ್ನಾಗಿ ಕಂಡ ದಿನವೂ ಬಿಡದೆ. ಹತ್ತಿಬಟ್ಟೆ ಹಾಕಿ, ಉಗುರು ಕತ್ತರಿಸಿ. ಕೀವು ಕಂಡರೆ, ಜ್ವರ ಬಂದರೆ ತಡ ಮಾಡದೆ ಕರೆದುಕೊಂಡು ಬನ್ನಿ. ಇದು ಒಂದೇ ಸಲಕ್ಕೆ ಹೋಗುವುದಲ್ಲ, ಬರುತ್ತೆ ಹೋಗುತ್ತೆ, ದೊಡ್ಡವಳಾಗುತ್ತಾ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಹಸಿಯಿರುವಾಗಲೇ ಎಂಬ ಮಾತಿಗೆ ಓವರ್‌ಸಿಯರ್ ಮತ್ತು ಮೇಸ್ತ್ರಿ ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು. ಓನರಮ್ಮ ನೆಲ ನೋಡುತ್ತಿದ್ದರು. ಫೋನು ಇನ್ನೇನು ಇಡಬೇಕು ಎನ್ನುವಾಗ ನೀರಿನ ಸಾಹೇಬರು ಮುಂದೆ ಬಾಗಿ, ತೀರ ಸಣ್ಣ ದನಿಯಲ್ಲಿ, ದೊಡ್ಡವರಾದ ಮೇಲೂ ಹೋಗದಿದ್ದರೆ ಏನು ಮಾಡಬೇಕು ಎಂದು ಕೇಳಿದರು. ಯಾರಿಗೆ ಎಂದರು ಡಾಕ್ಟರಮ್ಮ. ಸಾಹೇಬರು ಮುಂಗೈಯ ಗುಂಡಿ ಬಿಚ್ಚಿ ತೋಳು ಮಡಿಸಿದರು. ಫೋನಿಗೆ ಅದು ಕಾಣುವುದಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ. ಮಿಕ್ಕವರಿಗೆಲ್ಲ ಕಂಡಿತು. ಅಷ್ಟು ವರ್ಷ ಜೊತೆಗಿದ್ದ ಓವರ್‌ಸಿಯರ್ ಆ ಕೈಯನ್ನು ಅವತ್ತೇ ನೋಡಿದ್ದು. ನೀವೂ ಬನ್ನಿ, ನೋಡೋಣ ಎಂದರು ಡಾಕ್ಟರಮ್ಮ.

ಆ ಸಂಜೆಯ ಸ್ನಾನಕ್ಕೆ ಇದ್ದಷ್ಟು ಮೇಲ್ವಿಚಾರಕರು ಯಾವ ಸೇತುವೆಗೂ ಇದ್ದಿರಲಾರರು. ನೀರು ಹದವಾಗಿದೆಯೇ ಎಂದು ಸಾಹೇಬರು ಕೈಯಿಟ್ಟು ನೋಡಿದರು. ಓನರಮ್ಮ ಟವೆಲು ಹಿಡಿದು ನಿಂತರು. ಹೆಂಡತಿ ಟ್ಯೂಬಿನ ಔಷಧಿಯನ್ನು ಕೆಂಪು ಕಡೆಗೆ ಸವರಿದಳು. ಛತ್ರಿ ಡಬ್ಬಿಯೊಳಗೆ ಕೈ ಅದ್ದಿ, ಮೋಡ ಹಿಡಿದುಕೊಂಡವನ ಹಾಗೆ, ಮಗಳ ಬೆನ್ನಿಗೆ, ಕೈಗೆ, ಕಾಲಿಗೆ ಮೆತ್ತಿದ. ಪುಟ್ಟಿ ಬೆಳ್ಳಗೆ, ಹೊಳೆಯುತ್ತ, ಕೋಣೆಯ ನಡುವೆ ನಿಂತಳು. ಎಲ್ಲರೂ ತನ್ನನ್ನೇ ನೋಡುವುದು ಅವಳಿಗೆ ಹಿಡಿಸಿತು. ಸಾಹೇಬರ ಮಡಿಸಿದ ತೋಳನ್ನು ಕಂಡು, ತನ್ನ ಹೊಟ್ಟೆಯ ಮೇಲಿಂದ ಒಂದಿಷ್ಟು ತೆಗೆದು ಅವರ ಮುಂಗೈಗೆ ಹಚ್ಚಿದಳು. "ಕೆರೀಬಾರ್ದು," ಎಂದು ಬುದ್ಧಿ ಹೇಳಿದಳು. ಸಾಹೇಬರು, ಆಗಲಿ ಎಂದರು.

ಅವಳ ಇಸುಬು ಅವತ್ತಿಗೆ ಮಾಯವಾಗಲಿಲ್ಲ. ಕೆಲವು ವಾರದಲ್ಲಿ ತಗ್ಗಿತು, ಚಳಿಗೆ ಮತ್ತೆ ಎದ್ದಿತು, ಮತ್ತೆ ತಗ್ಗಿತು. ಓನರಮ್ಮ ಪಾರ್ಕಿನಲ್ಲಿ ಯಾರಾದರೂ ತಮ್ಮ ಮಗುವನ್ನು ಹಿಂದಕ್ಕೆಳೆದರೆ ಅಲ್ಲೇ ನಿಲ್ಲಿಸಿ, ಇದು ಹರಡುವುದಿಲ್ಲ, ತಿಳಿದವರು ಹೇಳಿದ್ದಾರೆ ಎಂದು ಪಾಠ ಮಾಡತೊಡಗಿದರು. ಆದರೆ ಅದೆಲ್ಲ ಆಮೇಲಿನ ಮಾತು.

ಆ ಸಂಜೆ ಆದದ್ದು ಇಷ್ಟು. ಹತ್ತಿಯ ಅಂಗಿ ತೊಡಿಸಿದ ಕೂಡಲೇ ಪುಟ್ಟಿ ಅಮ್ಮನ ತೊಡೆಯ ಮೇಲೆ ಮಲಗಿದಳು. ಅವಳ ಕೈ ಒಮ್ಮೆ ಕತ್ತಿನ ಕಡೆ ಹೋಯಿತು, ದಾರಿ ಮರೆತು ನಿಂತಿತು, ಪಕ್ಕಕ್ಕೆ ಬಿತ್ತು. ಅಮ್ಮ ಗೋಡೆಗೆ ಒರಗಿ ಹಾಗೇ ನಿದ್ದೆ ಹೋದಳು. ಛತ್ರಿ ಅವರಿಬ್ಬರನ್ನು ನೋಡುತ್ತ, ಬಂದವರಿಗೆಲ್ಲ ಕಾಫಿ ಮಾಡುತ್ತೇನೆ ಎಂದು ಹೇಳಲು ಹೊರಟು, ಕಾ ಎನ್ನುವಷ್ಟರಲ್ಲಿ ಹೆಂಡತಿಯ ಭುಜದ ಮೇಲೆ ತಲೆಯಿಟ್ಟುಬಿಟ್ಟ.

ಉಳಿದ ನಾಲ್ವರು ಎದ್ದು ಹೋಗಬೇಕೆಂದಿದ್ದರು. ಆದರೆ ಆ ಮನೆಯ ಬಾಗಿಲು ತೆರೆದರೆ ಇಡೀ ಬೀದಿಗೆ ಕೇಳುವಂತೆ ಕಿರುಗುಟ್ಟುತ್ತಿತ್ತು. ಅದಕ್ಕೆ ಎಣ್ಣೆ ಹಾಕಿಸಿ ಎಂದು ಛತ್ರಿ ಕೇಳಿದಾಗಲೆಲ್ಲ ಓನರಮ್ಮ ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದರು. ಈಗ ಮೇಸ್ತ್ರಿ ಬಾಗಿಲನ್ನೂ ಓನರಮ್ಮನನ್ನೂ ನೋಡಿದ. ಓವರ್‌ಸಿಯರೂ ನೋಡಿದರು. ಓನರಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡು, ಸದ್ದಾಗದಂತೆ ಕುರ್ಚಿಯ ಅಂಚಿನಲ್ಲಿ ಕುಳಿತರು. ಕಿಟಕಿಯ ಬೆಳಕು ಹಳದಿಯಾಯಿತು, ಬೂದಿ ಬಣ್ಣವಾಯಿತು. ಯಾರೂ ದೀಪ ಹಾಕಲಿಲ್ಲ. ಅಷ್ಟು ಹೊತ್ತಿಗೆ ಬನಿಯನ್ನಿನ ಓವರ್‌ಸಿಯರಿಗೆ ದೊಡ್ಡದೊಂದು ಸೀನು ಬರುವಂತಾಯಿತು. ಮೂವರೂ ಒಟ್ಟಿಗೆ ಹಾರಿ ಅವರ ಮೂಗು ಹಿಡಿದುಕೊಂಡರು.